ಸಸ್ಯಹೇನಿನ ಕೋಶದೊಳಗಿನ ಬ್ಯಾಕ್ಟೀರಿಯಾ: ಅದು ಇನ್ನೂ ಪ್ರತ್ಯೇಕ ಜೀವಿಯೇ, ಕೀಟದ ಅಂಗವೇ?

ಅವರೆಸಾಲು:
ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಮೈಟೊಕಾಂಡ್ರಿಯಾ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು ಎಂಬ ಪಾಠ ಮುಗಿದಾಗ ವಿದ್ಯಾರ್ಥಿನಿಯೊಬ್ಬಳು, ಹಾಗೆ ಒಂದು ಜೀವಿ ಇನ್ನೊಂದರ ಕೋಶದೊಳಗೆ ಸೇರಿ ಅದರದ್ದೇ ಭಾಗವಾಗಿಬಿಡುವುದು ಈಗಲೂ ಎಲ್ಲಾದರೂ ನಡೆಯುತ್ತಿದೆಯೇ ಎಂದು ಕೇಳಿದಳು. ಅವರೆಯ ಕುಡಿಗೆ ಮುತ್ತುವ ಸಸ್ಯಹೇನುಗಳ ಉದಾಹರಣೆ ಕೊಟ್ಟು, ಅವುಗಳ ಕೋಶಗಳಲ್ಲಿ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ ಇದೆ, ಅದಿಲ್ಲದೆ ಸಸ್ಯಹೇನಿನ ಸಂತತಿ ಮುಂದುವರಿಯುವುದಿಲ್ಲ ಎಂದು ಹೇಳಿದೆ. ಆದರೆ ಅಷ್ಟು ಹೇಳಿದರೆ ಸಾಲದು ಎಂದು ನನಗೇ ಅನ್ನಿಸುತ್ತಿದೆ. ಆ ಬ್ಯಾಕ್ಟೀರಿಯಾ ಕರುಳಿನಲ್ಲಿ ಅಲ್ಲ, ಕೋಶದ ಒಳಗೇ ಇದೆ ಎಂದಾಗ ಅದು ದೇಹದ ಯಾವ ಭಾಗದಲ್ಲಿ, ಎಷ್ಟು ಪೊರೆಗಳ ನಡುವೆ ಇರುತ್ತದೆ? ತಾಯಿಯಿಂದ ಮರಿಗೆ ಹೇಗೆ ದಾಟುತ್ತದೆ? ಇದನ್ನೂ ಮೈಟೊಕಾಂಡ್ರಿಯಾದ ಸಾಲಿನಲ್ಲೇ ಇಡಬಹುದೇ? ಕೀಟಶಾಸ್ತ್ರ ಬಲ್ಲವರು ಸ್ವಲ್ಪ ವಿವರವಾಗಿ ತಿಳಿಸಿದರೆ ತರಗತಿಗೆ ಉಪಕಾರವಾಗುತ್ತದೆ.

ಕೀಟಗಣ್ಣು:
ಮೇಡಂ, ಮೊದಲು ಜಾಗದ ವಿಚಾರ ಹೇಳುತ್ತೇನೆ. ಸಸ್ಯಹೇನಿನ ಉದರಭಾಗದಲ್ಲಿ, ಕರುಳಿಗೂ ಬೆಳೆಯುತ್ತಿರುವ ಭ್ರೂಣಗಳಿಗೂ ಒತ್ತಿಕೊಂಡಂತೆ, ಬ್ಯಾಕ್ಟೀರಿಯೋಸೈಟ್ ಎಂಬ ಬಲು ದೊಡ್ಡ ಕೋಶಗಳ ಗುಂಪೊಂದು ಇರುತ್ತದೆ. ಆ ಗುಂಪಿಗೆ ಬ್ಯಾಕ್ಟೀರಿಯೋಮ್ ಎಂದು ಹೆಸರು. ಅವು ಕೀಟದ್ದೇ ಕೋಶಗಳು ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಬೇಕು. ಅವುಗಳ ಕೋಶಕೇಂದ್ರ ಬಹುಗುಣಿತವಾಗಿರುತ್ತದೆ, ಅಂದರೆ ಡಿಎನ್‌ಎ ಮತ್ತೆ ಮತ್ತೆ ಇಮ್ಮಡಿಗೊಂಡಿದ್ದರೂ ಕೋಶ ಒಡೆದು ಎರಡಾಗಿರುವುದಿಲ್ಲ. ಉಳಿದ ಕೋಶರಸದ ಬಹುಭಾಗವನ್ನು 2ರಿಂದ 5 ಮೈಕ್ರೊಮೀಟರ್ ಅಗಲದ ಗುಂಡನೆಯ ಬುಕ್ನೆರಾಗಳೇ ಕಿಕ್ಕಿರಿದು ತುಂಬಿರುತ್ತವೆ. ಮೈಟೊಕಾಂಡ್ರಿಯಾಗಳು ಅವುಗಳ ಸಂದಿಗಳಲ್ಲಿ ಸಿಕ್ಕಿಕೊಂಡಂತೆ ಕಾಣುತ್ತವೆ.

ಪೊರೆಗಳ ಲೆಕ್ಕ ಮೂರು. ಗ್ರಾಂ-ಋಣ, ಅಂದರೆ ಎರಡು ಪೊರೆಗಳುಳ್ಳ, ಬ್ಯಾಕ್ಟೀರಿಯಾ ಆದ್ದರಿಂದ ಒಳಪೊರೆ, ಹೊರಪೊರೆ ಎರಡೂ ಬುಕ್ನೆರಾದವು. ಅವುಗಳ ಸುತ್ತ ಇರುವ ಮೂರನೆಯ ಪೊರೆ ಕೀಟದ್ದು. ಒಳಗೆ ಹೋಗುವ ಸಕ್ಕರೆಯಾಗಲಿ ಹೊರಗೆ ಬರುವ ಅಮೈನೋ ಆಮ್ಲವಾಗಲಿ ಈ ಮೂರನೆಯ ಪೊರೆಯನ್ನು ದಾಟಲೇಬೇಕು. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ: ಬುಕ್ನೆರಾದಲ್ಲಿ ಫಾಸ್ಫೊಲಿಪಿಡ್ ತಯಾರಿಸುವ ಜೀನ್‌ಗಳು ಉಳಿದಿಲ್ಲ. ತನ್ನದೆಂದು ಕರೆಯುವ ಎರಡು ಪೊರೆಗಳ ಕಚ್ಚಾವಸ್ತುವಿಗೂ ಅದು ಕೀಟದ ಕಡೆಗೇ ನೋಡಬೇಕು.

ತಾಯಿಯಿಂದ ಮರಿಗೆ ದಾಟುವ ಕ್ರಮವನ್ನು ಜಪಾನಿನ ಸಂಶೋಧಕರು 2012ರಲ್ಲಿ ಬಟಾಣಿ ಸಸ್ಯಹೇನಿನಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಹಿಡಿದು ತೋರಿಸಿದರು. ತಾಯಿಯ ಬ್ಯಾಕ್ಟೀರಿಯೋಸೈಟ್ ಬುಕ್ನೆರಾಗಳನ್ನು ಹೊರಕ್ಕೆ ಉಗುಳುತ್ತದೆ, ಅವು ಕ್ಷಣಕಾಲ ಕೋಶಗಳ ಹೊರಗೆ ಬರಿದಾಗಿರುತ್ತವೆ, ಪಕ್ಕದಲ್ಲೇ ಇರುವ ಎಳೆಯ ಭ್ರೂಣದ ಹಿಂಭಾಗ ಅವನ್ನು ನುಂಗಿಕೊಳ್ಳುತ್ತದೆ. ನಮ್ಮ ಹೊಲಗಳಲ್ಲಿ ಕಾಣುವ ಹೆಣ್ಣು ಸಸ್ಯಹೇನುಗಳು ಸಾಮಾನ್ಯವಾಗಿ ಗಂಡಿನ ನೆರವಿಲ್ಲದೆ ನೇರವಾಗಿ ಮರಿ ಹಾಕುವುದರಿಂದ ಈ ಹಸ್ತಾಂತರವೆಲ್ಲ ತಾಯಿಯ ಹೊಟ್ಟೆಯೊಳಗೇ ಮುಗಿಯುತ್ತದೆ.

ಇತಿಹಾಸ ಬೇಕಿದ್ದರೆ ಎರಡೇ ಮಾತು. ಕೀಟಗಳೊಳಗಿನ ಈ ವಿಚಿತ್ರ ಅಂಗದಲ್ಲಿ ತುಂಬಿರುವುದು ಸೂಕ್ಷ್ಮಜೀವಿಗಳು ಎಂದು 1910ರಲ್ಲಿ ಇಟಲಿಯ ಉಂಬೆರ್ತೊ ಪಿಯೆರಾಂತೊನಿ ಮತ್ತು ಚೆಕ್ ವಿಜ್ಞಾನಿ ಕಾರೆಲ್ ಶುಲ್ಟ್ಸ್ ಬೇರೆಬೇರೆಯಾಗಿಯೇ ಗುರುತಿಸಿದರು. ಜರ್ಮನಿಯ ಪೌಲ್ ಬುಕ್ನರ್ ತಮ್ಮ ಆಯುಸ್ಸನ್ನೇ ಈ ವಿಷಯಕ್ಕೆ ಕೊಟ್ಟರು, ಬ್ಯಾಕ್ಟೀರಿಯಾದ ಹೆಸರು ಅವರದ್ದೇ.

ಪ್ರಶ್ನಾರ್ಥಕ:
ವಿವರಣೆ ಚೆನ್ನಾಗಿದೆ. ಆದರೆ ಈ ಸಂಬಂಧವನ್ನು ಎಲ್ಲ ಕಡೆ 'ಪರಸ್ಪರ ಸಹಕಾರ' ಎಂದು ಬರೆಯುವುದರ ಬಗ್ಗೆ ನನ್ನ ತಕರಾರಿದೆ. ಕೀಟಕ್ಕೆ ಲಾಭ ಇರುವುದು ಸ್ಪಷ್ಟ. ಬ್ಯಾಕ್ಟೀರಿಯಾಕ್ಕೆ ಏನು ಸಿಕ್ಕಿತು? ಹೊರಗೆ ಬದುಕುವ ಶಕ್ತಿ ಹೋಯಿತು, ಜೀನ್‌ಗಳು ಉದುರಿಹೋದವು, ಪೊರೆಗೂ ಕೈಚಾಚುವ ಸ್ಥಿತಿ ಬಂತು ಎಂದು ನೀವೇ ಹೇಳುತ್ತಿದ್ದೀರಿ. ಇದನ್ನು ಸಹಕಾರ ಎನ್ನುವುದು ಗಾಣಕ್ಕೆ ಕಟ್ಟಿದ ಎತ್ತನ್ನು ಗಾಣಿಗನ ಪಾಲುದಾರ ಎಂದು ಕರೆದಂತೆ ಅಲ್ಲವೇ? ಮಕ್ಕಳಿಗೆ ಸ್ನೇಹದ ಕಥೆಯಾಗಿ ಹೇಳುವ ಮೊದಲು ಹಿಡಿತ ಯಾರ ಕೈಯಲ್ಲಿದೆ ಎಂಬುದನ್ನು ನೋಡಬೇಕು ಎನ್ನುವುದು ನನ್ನ ಮಾತು.

ಕೀಟಗಣ್ಣು:
ಹಿಡಿತದ ಪ್ರಶ್ನೆ ಸರಿಯಾದ ಪ್ರಶ್ನೆಯೇ, ಮತ್ತು ಅದಕ್ಕೆ ಉತ್ತರ ಇರುವುದು ಬ್ಯಾಕ್ಟೀರಿಯೋಸೈಟ್‌ನ ರಚನೆಯಲ್ಲೇ. ಮೊದಲು ಲೇವಾದೇವಿ ಏನೆಂದು ನೋಡೋಣ. ಸಸ್ಯಹೇನು ಕುಡಿಯುವ ಫ್ಲೋಯಂ ರಸದಲ್ಲಿ, ಅಂದರೆ ಗಿಡ ತನ್ನ ಆಹಾರವನ್ನು ಸಾಗಿಸುವ ನಾಳಗಳ ರಸದಲ್ಲಿ, ಸಕ್ಕರೆ ಧಾರಾಳವಾಗಿದೆ, ಆದರೆ ಪ್ರಾಣಿಗಳು ತಾವೇ ತಯಾರಿಸಿಕೊಳ್ಳಲಾಗದ ಅವಶ್ಯ ಅಮೈನೋ ಆಮ್ಲಗಳು ಬಹಳ ಕಡಿಮೆ. ಆ ಕೊರತೆಯನ್ನು ಬುಕ್ನೆರಾ ತುಂಬುತ್ತದೆ. 2000ದಲ್ಲಿ ಅದರ ಜೀನೋಮ್ ಪೂರ್ತಿ ಓದಿದಾಗ ಸಿಕ್ಕಿದ್ದು ಸುಮಾರು 6,40,000 ಬೇಸ್ ಜೋಡಿಗಳ (ಡಿಎನ್‌ಎಯ ಅಕ್ಷರಗಳ) ಪುಟ್ಟ ಕ್ರೋಮೋಸೋಮ್. ಅದರ ಬಂಧುವಾದ ಇ. ಕೋಲಿಯಲ್ಲಿ 46 ಲಕ್ಷ ಇವೆ. ಇಷ್ಟು ಕಳೆದುಕೊಂಡ ಜೀವಿಯು ಅವಶ್ಯ ಅಮೈನೋ ಆಮ್ಲಗಳ ಜೀನ್‌ಗಳನ್ನು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡಿದೆ, ಕೀಟ ತಾನೇ ಮಾಡಿಕೊಳ್ಳಬಲ್ಲ ಅಮೈನೋ ಆಮ್ಲಗಳ ಜೀನ್‌ಗಳನ್ನು ಬಹುತೇಕ ಬಿಟ್ಟುಕೊಟ್ಟಿದೆ.

ಆದರೆ 'ಹಾಗೆಯೇ' ಎಂಬ ಮಾತಿನಲ್ಲಿ ಒಂದು ಸಂದು ಇದೆ. ಅವಶ್ಯ ಅಮೈನೋ ಆಮ್ಲಗಳಾದ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್‌ಗಳ ತಯಾರಿಕೆಯ ಕೊನೆಯ ಹೆಜ್ಜೆಯ ಕಿಣ್ವ ಬುಕ್ನೆರಾದಲ್ಲಿ ಇಲ್ಲ. ಹಿಂದಿನ ಹೆಜ್ಜೆಗಳನ್ನೆಲ್ಲ ಅದು ಮುಗಿಸಿಕೊಟ್ಟ ಮೇಲೆ ಕೊನೆಯ ಹೆಜ್ಜೆಯನ್ನು ಬ್ಯಾಕ್ಟೀರಿಯೋಸೈಟ್ ತನ್ನ ಕಿಣ್ವದಿಂದ ನಡೆಸುತ್ತದೆ. ಅದಲ್ಲದೆ, ತಯಾರಿಕೆಗೆ ಬೇಕಾದ ಸಾರಜನಕ ಗ್ಲೂಟಮಿನ್ ಎಂಬ ಅಮೈನೋ ಆಮ್ಲದ ರೂಪದಲ್ಲಿ ಒಳಗೆ ಬರುತ್ತದೆ. ಅದನ್ನು ರಕ್ತರಸದಿಂದ ಒಳಗೆ ಬಿಡುವ ವಾಹಕ ಪ್ರೋಟೀನ್ ಇರುವುದು ಬ್ಯಾಕ್ಟೀರಿಯೋಸೈಟ್‌ನ ಹೊರಪೊರೆಯಲ್ಲಿ. ಬುಕ್ನೆರಾ ತಯಾರಿಸುವ ಅರ್ಜಿನಿನ್ ರಕ್ತರಸದಲ್ಲಿ ಹೆಚ್ಚಿದರೆ ಅದೇ ಅರ್ಜಿನಿನ್ ಆ ವಾಹಕಕ್ಕೆ ಅಡ್ಡಗಟ್ಟಿ ಗ್ಲೂಟಮಿನ್ ಒಳಬರುವುದನ್ನು ತಗ್ಗಿಸುತ್ತದೆ. ಎಷ್ಟು ತಯಾರಾಗಬೇಕು ಎಂಬ ಅಂಕೆ, ಹೀಗೆ, ಕೀಟದ ಪೊರೆಯ ಬಳಿ ಇದೆ.

ಇನ್ನೂ ನೇರವಾದ ಹಿಡಿತ ಬೇಕಿದ್ದರೆ ಅಕ್ಕಿ ಮತ್ತು ಜೋಳದ ಕಾಳು ಕೊರೆಯುವ ಸೊಂಡಿಲು ಹುಳುವನ್ನು ನೋಡಿ. ಅದರ ಬ್ಯಾಕ್ಟೀರಿಯೋಸೈಟ್‌ಗಳು ಕೋಲಿಯೊಪ್ಟೆರಿಸಿನ್ ಎಂಬ ಸೂಕ್ಷ್ಮಜೀವಿನಾಶಕ ಪೆಪ್ಟೈಡನ್ನು ತಯಾರಿಸುತ್ತವೆ. ಅದು ಒಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುವ ಬದಲು ಅದರ ವಿಭಜನೆಯನ್ನು ತಡೆಯುತ್ತದೆ, ಹಾಗಾಗಿ ಬ್ಯಾಕ್ಟೀರಿಯಾಗಳು ತುಂಡಾಗಲಾರದೆ ಉದ್ದನೆಯ ಎಳೆಗಳಾಗಿ ಬೆಳೆದು ಅಲ್ಲೇ ಉಳಿಯುತ್ತವೆ. ಸಂಶೋಧಕರು ಆ ಪೆಪ್ಟೈಡಿನ ಜೀನನ್ನು ಅಡಗಿಸಿದಾಗ ಬ್ಯಾಕ್ಟೀರಿಯಾಗಳು ಕೋಶ ಬಿಟ್ಟು ಸುತ್ತಲಿನ ಅಂಗಾಂಶಗಳಿಗೆ ಹರಡಿದವು. ಪ್ರೌಢಾವಸ್ಥೆಗೆ ಬಂದ ಹೊಸತರಲ್ಲಿ ಹುಳುವಿನ ಹೊರಕವಚ ಗಟ್ಟಿಯಾಗಲು ಟೈರೊಸಿನ್ ಎಂಬ ಅಮೈನೋ ಆಮ್ಲ ಬಹಳ ಬೇಕು, ಅದಕ್ಕೆ ಬ್ಯಾಕ್ಟೀರಿಯಾಗಳ ನೆರವು ಬೇಕಾದ್ದರಿಂದ ಆಗ ಹುಳು ಕರುಳಿನ ಬಳಿಯ ಈ ಬ್ಯಾಕ್ಟೀರಿಯಾಗಳನ್ನು ವಿಪರೀತ ಹೆಚ್ಚಲು ಬಿಡುತ್ತದೆ. ಕವಚ ಗಟ್ಟಿಯಾಗಿ ಕೆಲಸ ಮುಗಿದ ಮೇಲೆ ಬ್ಯಾಕ್ಟೀರಿಯೋಸೈಟ್‌ಗಳ ಸಮೇತ ಅವನ್ನು ಕರಗಿಸಿ ಹೀರಿಕೊಳ್ಳುತ್ತದೆ. ಹೆಣ್ಣುಗಳಲ್ಲಿ ಅಂಡಾಶಯದ ಬಳಿಯವು ಮಾತ್ರ ಮುಂದಿನ ಪೀಳಿಗೆಗಾಗಿ ಉಳಿಯುತ್ತವೆ.

ಆದ್ದರಿಂದ ಸಂಬಂಧದ ಯಜಮಾನಿಕೆ ಕೀಟದ್ದು ಎಂಬ ನಿಮ್ಮ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಯಜಮಾನನೂ ಕಟ್ಟಿಹಾಕಿಸಿಕೊಂಡಿದ್ದಾನೆ ಎನ್ನುವುದನ್ನು ಸೇರಿಸಿಕೊಳ್ಳಿ. ಬಟಾಣಿ ಸಸ್ಯಹೇನಿನ ಬುಕ್ನೆರಾದಲ್ಲಿ ಶಾಖಾಘಾತ ಪ್ರೋಟೀನಿಗೆ (ಬಿಸಿಯಿಂದ ಕೋಶವನ್ನು ಕಾಪಾಡುವ ಪ್ರೋಟೀನಿಗೆ) ಸಂಬಂಧಿಸಿದ ಒಂದೇ ಒಂದು ಬೇಸ್ ಬಿಟ್ಟುಹೋದರೆ, ಎಳವೆಯಲ್ಲಿ ಬಿಸಿ ತಾಗಿದ ಸಸ್ಯಹೇನುಗಳು ಮುಂದೆ ಮರಿ ಹಾಕುವ ಶಕ್ತಿಯನ್ನೇ ಬಹುಮಟ್ಟಿಗೆ ಕಳೆದುಕೊಳ್ಳುತ್ತವೆ ಎಂದು 2007ರಲ್ಲಿ ತೋರಿಸಲಾಯಿತು. ಒಳಗಿನವನ ದೌರ್ಬಲ್ಯ ಮನೆಯೊಡೆಯನ ದೌರ್ಬಲ್ಯವೂ ಆಗಿದೆ.

ತೋಟದಮನೆ:
ನಾನು ಓದಿದ್ದು ಕೃಷಿ ಡಿಪ್ಲೊಮಾ, ಈಗ ತೋಟ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಕಡೆ ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳ ಎಲ್ಲದಕ್ಕೂ ಹಿಟ್ಟು ತಿಗಣೆ ಕಾಟ. ಅದರೊಳಗೆ ಬ್ಯಾಕ್ಟೀರಿಯಾದೊಳಗೆ ಮತ್ತೊಂದು ಬ್ಯಾಕ್ಟೀರಿಯಾ ಇದೆ ಎಂದು ಎಲ್ಲೋ ಓದಿದ್ದೆ, ಅದು ನಿಜವೇ? ಹಾಗಿದ್ದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಆಂಟಿಬಯೋಟಿಕ್ ಸಿಂಪಡಿಸಿದರೆ ಕೀಟವೂ ಹೋಗಬೇಕಲ್ಲ? ದಾಳಿಂಬೆಯ ದುಂಡಾಣು ಅಂಗಮಾರಿಗೆ ಸ್ಟ್ರೆಪ್ಟೊಮೈಸಿನ್ ಮಿಶ್ರಣ ಹೊಡೆದವರನ್ನು ನೋಡಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಕೀಟಗಣ್ಣು:
ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಹಾಗೆ ಮಾಡಬೇಡಿ. ಪ್ರಯೋಗಾಲಯದಲ್ಲಿ ಆಂಟಿಬಯೋಟಿಕ್ ಕೊಟ್ಟು ಬುಕ್ನೆರಾವನ್ನು ತೆಗೆದಾಗ ಸಸ್ಯಹೇನುಗಳು ಕೂಡಲೇ ಸಾಯುವುದಿಲ್ಲ. ಕುಂಠಿತವಾಗಿ ಬೆಳೆಯುತ್ತವೆ, ಮರಿ ಹಾಕುವುದಿಲ್ಲ, ಅಷ್ಟರಲ್ಲಿ ರಸ ಹೀರುತ್ತಲೇ ಇರುತ್ತವೆ. ಹೊಲದಲ್ಲಿ ಆಂಟಿಬಯೋಟಿಕ್ ಚೆಲ್ಲಿದರೆ ಮಣ್ಣಿನಲ್ಲೂ ನೀರಿನಲ್ಲೂ ಇರುವ ಬೇರೆ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾಗುತ್ತವೆ, ಆ ನಷ್ಟ ಆಸ್ಪತ್ರೆಗಳ ತನಕ ಮುಟ್ಟುತ್ತದೆ. ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡು ದಕ್ಷಿಣ ಭಾರತದಲ್ಲೆಲ್ಲ ಹರಡಿದಾಗ ಅದನ್ನು ತಗ್ಗಿಸಿದ್ದು 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಅಸೆರೊಫೇಗಸ್ ಪಪಾಯೆ ಎಂಬ, ಹಿಟ್ಟು ತಿಗಣೆಯ ಮೈಯೊಳಗೇ ಬೆಳೆದು ಅದನ್ನು ಕೊಲ್ಲುವ ಪರತಂತ್ರ ಕಣಜ. ಆ ಕೆಲಸದಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ಪಾತ್ರ ದೊಡ್ಡದು. ನಿಮ್ಮ ತೋಟಕ್ಕೂ ಅಂಥ ಕಣಜಗಳನ್ನು ಉಳಿಸಿಕೊಳ್ಳುವ ದಾರಿಯೇ ಮೇಲು.

ಈಗ ಮೊದಲನೆಯದು. ಹೌದು, ನಿಜ. ನಿಂಬೆ ಜಾತಿಯ ಹಿಟ್ಟು ತಿಗಣೆಯಲ್ಲಿ ಇದು 2001ರಲ್ಲಿ ಖಚಿತವಾಯಿತು. ಪಪ್ಪಾಯಿಯ ಹಿಟ್ಟು ತಿಗಣೆಯೂ ಅದೇ ಉಪಕುಟುಂಬದ್ದು. ನಿಂಬೆಯ ಹಿಟ್ಟು ತಿಗಣೆಯ ಬ್ಯಾಕ್ಟೀರಿಯೋಸೈಟ್‌ನೊಳಗೆ ಟ್ರೆಂಬ್ಲಾಯ ಎಂಬ ಬ್ಯಾಕ್ಟೀರಿಯಾ, ಆ ಟ್ರೆಂಬ್ಲಾಯದ ಕೋಶರಸದೊಳಗೆ ಮೊರಾನೆಲ್ಲ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಹೊರಗಿನ ಟ್ರೆಂಬ್ಲಾಯದ ಜೀನೋಮ್ ಸುಮಾರು 1,39,000 ಬೇಸ್ ಜೋಡಿಗಳಷ್ಟೇ ಇದ್ದರೆ ಒಳಗಿನ ಮೊರಾನೆಲ್ಲದ್ದು ಸುಮಾರು 5,38,000 ಇದೆ. ಒಳಗಿರುವ ಜೀವಿಯ ಜೀನೋಮ್ ತನ್ನನ್ನು ಹೊತ್ತ ಜೀವಿಯದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು! ಪ್ರೋಟೀನ್ ಕಟ್ಟಲು ಅಮೈನೋ ಆಮ್ಲವನ್ನು, ಅದನ್ನು ಹೊತ್ತೊಯ್ಯುವ ಟಿ-ಆರ್‌ಎನ್‌ಎಗೆ ಜೋಡಿಸುವ ಕಿಣ್ವಗಳಲ್ಲಿ ಕೆಲಸ ಮಾಡುವಂಥದ್ದು ಟ್ರೆಂಬ್ಲಾಯದಲ್ಲಿ ಒಂದೂ ಇಲ್ಲ. ಪುಸ್ತಕದ ಪ್ರಕಾರ ಇಂಥ ಜೀವಿ ಬದುಕಿರಲೇಬಾರದು.

ಅಮೈನೋ ಆಮ್ಲ ತಯಾರಿಕೆಯ ಒಂದೇ ಸರಣಿಯ ಒಂದು ಹೆಜ್ಜೆ ಟ್ರೆಂಬ್ಲಾಯದಲ್ಲಿ, ಮುಂದಿನದು ಮೊರಾನೆಲ್ಲದಲ್ಲಿ, ಮತ್ತೊಂದು ಕೀಟದ ಕೋಶದಲ್ಲಿ ನಡೆಯುತ್ತದೆ. ಇನ್ನೊಂದು ಸೋಜಿಗವೂ ಇದೆ. ಕೀಟದ ಕೋಶಕೇಂದ್ರದಲ್ಲೇ ಬ್ಯಾಕ್ಟೀರಿಯಾಗಳಿಂದ ಬಂದ 20ಕ್ಕೂ ಹೆಚ್ಚು ಜೀನ್‌ಗಳು ಪತ್ತೆಯಾಗಿವೆ, ಆದರೆ ಅವು ಟ್ರೆಂಬ್ಲಾಯದಿಂದಲೂ ಮೊರಾನೆಲ್ಲದಿಂದಲೂ ಬಂದವಲ್ಲ. ಹಿಂದೆಂದೋ ಈ ಕೀಟದ ಪೂರ್ವಜರಲ್ಲಿ ಸೇರಿಕೊಂಡು ಈಗ ಇಲ್ಲವಾದ ಬೇರೆ ಬ್ಯಾಕ್ಟೀರಿಯಾಗಳ ಆಸ್ತಿ ಅವು. ಮೊರಾನೆಲ್ಲದ ಕೋಶಭಿತ್ತಿಯನ್ನು ಕಟ್ಟುವುದಕ್ಕೆ ಮೊರಾನೆಲ್ಲದ ಜೀನ್‌ಗಳ ಜೊತೆಗೆ ಕೀಟದಲ್ಲಿರುವ ಈ ಎರವಲು ಜೀನ್‌ಗಳೂ ಬೇಕು ಎಂದು 2019ರಲ್ಲಿ ತಿಳಿಯಿತು. ಕೀಟ ತಯಾರಿಸಿದ ಅಂಥ ಒಂದು ಪ್ರೋಟೀನ್, ಕೀಟದ ಪೊರೆ, ಟ್ರೆಂಬ್ಲಾಯ, ಮೊರಾನೆಲ್ಲದ ಪೊರೆ ಎಲ್ಲವನ್ನೂ ದಾಟಿ ಮೊರಾನೆಲ್ಲದ ಒಡಲಿಗೆ ತಲುಪುವುದನ್ನೂ ಆಗಲೇ ಗುರುತಿಸಿದರು.

ಅವರೆಸಾಲು:
ನನ್ನ ಮೂರನೆಯ ಪ್ರಶ್ನೆಗೆ ಇದು ನೇರವಾಗಿ ತಾಗುತ್ತದೆ. ಪಠ್ಯದ ಪ್ರಕಾರ ಮೈಟೊಕಾಂಡ್ರಿಯಾವನ್ನು ಕೋಶಾಂಗ ಎನ್ನಲು ಕಾರಣ, ಅದರ ಜೀನ್‌ಗಳು ಬಹುಪಾಲು ಕೋಶಕೇಂದ್ರಕ್ಕೆ ಹೋಗಿವೆ ಮತ್ತು ಅದಕ್ಕೆ ಬೇಕಾದ ಪ್ರೋಟೀನ್‌ಗಳು ಹೊರಗಿನಿಂದ ಬರುತ್ತವೆ ಎಂಬುದು. ಹಿಟ್ಟು ತಿಗಣೆಯಲ್ಲಿ ಪ್ರೋಟೀನ್ ಹೊರಗಿನಿಂದ ಒಳಗೆ ಹೋಗುತ್ತಿದೆ ಎಂದಾದರೆ ಮೊರಾನೆಲ್ಲವನ್ನು ಕೋಶಾಂಗ ಎನ್ನಬಾರದೇಕೆ?

ಪ್ರಶ್ನಾರ್ಥಕ:
ಎನ್ನಬಹುದು ಎಂಬುದು ನನ್ನ ಅಭಿಪ್ರಾಯ. ಸಾಗರದ ಒಂದು ಪಾಚಿಯೊಳಗೆ ಸಾರಜನಕ ಹಿಡಿಯುವ ಸಯನೋಬ್ಯಾಕ್ಟೀರಿಯಾವನ್ನು 2024ರಲ್ಲಿ ಸಂಶೋಧಕರು ಕೋಶಾಂಗ ಎಂದೇ ಕರೆದರು; ಅಲ್ಲಿಯೂ ಮುಖ್ಯ ಸಾಕ್ಷ್ಯ ಪ್ರೋಟೀನ್‌ಗಳ ಆಮದು ಮತ್ತು ಪಾಚಿಯ ಕೋಶದ ಜೊತೆ ತಾಳ ತಪ್ಪದ ವಿಭಜನೆ. ಅದೇ ಅಳತೆಗೋಲನ್ನು ಕೀಟಗಳಿಗೂ ಹಿಡಿಯಬೇಕು.

ಕೀಟಗಣ್ಣು:
ಅಳತೆಗೋಲು ಅದೇ ಇರಲಿ, ಆದರೆ ಅಳೆದಾಗ ಕೀಟಗಳಲ್ಲಿ ಒಂದು ವ್ಯತ್ಯಾಸ ಸಿಗುತ್ತದೆ, ಅದನ್ನು ಬದಿಗೆ ಸರಿಸಲು ನನಗೆ ಮನಸ್ಸಿಲ್ಲ. ಮೈಟೊಕಾಂಡ್ರಿಯಾ ದೇಹದ ಹೆಚ್ಚುಕಡಿಮೆ ಪ್ರತಿ ಕೋಶದಲ್ಲೂ ಇದೆ, ಕೋಶ ಇಬ್ಭಾಗವಾದಾಗ ಎರಡಕ್ಕೂ ಹಂಚಿಹೋಗುತ್ತದೆ. ಬುಕ್ನೆರಾ ಹಾಗಲ್ಲ. ಅದು ಒಂದೇ ಬಗೆಯ ಕೋಶಗಳಿಗೆ ಸೀಮಿತ, ಪೀಳಿಗೆಯಿಂದ ಪೀಳಿಗೆಗೆ ದಾಟುವಾಗ ಕೋಶದಿಂದ ಹೊರಬಿದ್ದು ಮತ್ತೆ ಒಳಸೇರಲೇಬೇಕು. ಸಸ್ಯಹೇನಿನ ಜೀನೋಮನ್ನು ಹುಡುಕಿದಾಗ ಅದರಲ್ಲಿ ಬುಕ್ನೆರಾದಿಂದ ಬಂದು ಕೆಲಸ ಮಾಡುತ್ತಿರುವ ಜೀನ್ ಕಾಣಲಿಲ್ಲ. ಬೇರೆ ಬ್ಯಾಕ್ಟೀರಿಯಾದಿಂದ ಬಂದ ಜೀನೊಂದರ ಪ್ರೋಟೀನ್ ಬುಕ್ನೆರಾಕ್ಕೆ ತಲುಪುವುದೂ ಗೊತ್ತಾಗಿದೆ, ಆದ್ದರಿಂದ ಆಮದಿನ ಮಟ್ಟಿಗೆ ನಿಮ್ಮ ವಾದಕ್ಕೆ ಬಲವಿದೆ. ಆದರೆ ಸಸ್ಯಹೇನಿನ ಕೆಲವು ಬಳಗಗಳು ಬುಕ್ನೆರಾವನ್ನು ಪೂರ್ತಿ ಬಿಟ್ಟು ಅದರ ಜಾಗಕ್ಕೆ ಯೀಸ್ಟಿನಂಥ ಶಿಲೀಂಧ್ರವನ್ನು ತಂದುಕೊಂಡಿವೆ. ನಮ್ಮ ಭತ್ತದ ಕಂದು ಜಿಗಿಹುಳುವೂ ತನ್ನ ಕೊಬ್ಬಿನ ಅಂಗಾಂಶದಲ್ಲಿ ಅಂಥದ್ದೇ ಶಿಲೀಂಧ್ರವನ್ನು ಸಾಕುತ್ತದೆ. ಮೈಟೊಕಾಂಡ್ರಿಯಾವನ್ನು ಹೀಗೆ ಬದಲಾಯಿಸಿಕೊಂಡ ಪ್ರಾಣಿ ಇಲ್ಲ.

ನನ್ನ ದೃಷ್ಟಿಯಲ್ಲಿ ಇಲ್ಲಿ ಅಂಗ ಎನ್ನಬೇಕಾದದ್ದು ಬ್ಯಾಕ್ಟೀರಿಯೋಸೈಟನ್ನು. ಬುಕ್ನೆರಾ ಆ ಅಂಗದ ಬಾಡಿಗೆದಾರ. ಇದಕ್ಕೆ ಆಧಾರವೂ ಇದೆ: ಭ್ರೂಣದಲ್ಲಿ ಯಾವ ಕೋಶಗಳು ಬ್ಯಾಕ್ಟೀರಿಯೋಸೈಟ್ ಆಗಬೇಕೆಂಬುದು ಕೀಟದ್ದೇ ಬೆಳವಣಿಗೆಯ ಜೀನ್‌ಗಳಿಂದ ತೀರ್ಮಾನವಾಗುತ್ತದೆ. ಕಾಲುಗಳು ಮೂಡುವಾಗ ಕೆಲಸ ಮಾಡುವ ಡಿಸ್ಟಲ್-ಲೆಸ್ ಜೀನ್ ಈ ಕೋಶಗಳಲ್ಲೂ ತೊಡಗಿರುತ್ತದೆ. ಬುಕ್ನೆರಾ ಇಲ್ಲದ ಸಸ್ಯಹೇನುಗಳಲ್ಲೂ ಆ ಕೋಶಗಳು ರೂಪುಗೊಳ್ಳುವುದನ್ನು 2003ರಲ್ಲೇ ಕಂಡಿದ್ದಾರೆ.

ತೋಟದಮನೆ:
ಹಾಗಾದರೆ ಡೆಂಗಿ ಸೊಳ್ಳೆಗೆ ಸೇರಿಸುತ್ತಾರಲ್ಲ, ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ, ಅದಕ್ಕೂ ಇಂಥ ಕೋಶ ಇದೆಯೇ?

ಕೀಟಗಣ್ಣು:
ಸೊಳ್ಳೆಯಲ್ಲಿ ಇಲ್ಲ. ಅಲ್ಲಿ ವೊಲ್ಬಾಕಿಯಾ ಅಂಡಾಶಯವೂ ಸೇರಿದಂತೆ ಹಲವು ಅಂಗಾಂಶಗಳಲ್ಲಿ ಹರಡಿಕೊಂಡಿರುತ್ತದೆ, ಸೊಳ್ಳೆಗೆ ಅದು ಬದುಕಿಗೆ ಬೇಕೇಬೇಕು ಎಂದೇನಿಲ್ಲ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ವೊಲ್ಬಾಕಿಯಾ ಹೊತ್ತ ಈಡಿಸ್ ತಳಿಗಳನ್ನು ಬೆಳೆಸಿದೆ. ಆದರೆ ಮಂಚದ ತಿಗಣೆಯಲ್ಲಿ ಅದೇ ವೊಲ್ಬಾಕಿಯಾ ಬ್ಯಾಕ್ಟೀರಿಯೋಮ್ ಒಳಗೆ ನೆಲೆಸಿ, ರಕ್ತದಲ್ಲಿ ಸಾಲದಷ್ಟಿರುವ ಬಿ ವಿಟಮಿನ್‌ಗಳನ್ನು ಒದಗಿಸುತ್ತದೆ. ಅದನ್ನು ತೆಗೆದರೆ ತಿಗಣೆ ಸರಿಯಾಗಿ ಬೆಳೆಯದು. ಒಂದೇ ಬ್ಯಾಕ್ಟೀರಿಯಾ ಒಂದು ಕಡೆ ಅಲೆಮಾರಿ, ಇನ್ನೊಂದು ಕಡೆ ಕೋಣೆ ಕೊಟ್ಟು ಕೂರಿಸಿದ ಕೆಲಸಗಾರ. ಕೋಶರಚನೆಯನ್ನು ನೋಡದೆ ಬ್ಯಾಕ್ಟೀರಿಯಾದ ಹೆಸರಷ್ಟನ್ನೇ ಹೇಳಿದರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ ಎನ್ನುವುದು ಇದಕ್ಕೇ.

ಮಸೂರ:
ಇಷ್ಟು ಹೊತ್ತು ಓದುತ್ತಿದ್ದೆ. ಮೇಡಂ, ಇದನ್ನು ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಮಕ್ಕಳಿಗೆ ತೋರಿಸಬಹುದು. ಅವರೆ ಅಥವಾ ಅಲಸಂದೆಯ ಕುಡಿಯಿಂದ ರೆಕ್ಕೆಯಿಲ್ಲದ, ಹೊಟ್ಟೆ ತುಂಬಿದ ಸಸ್ಯಹೇನೊಂದನ್ನು ಮೆತ್ತನೆಯ ಕುಂಚದಿಂದ ಎತ್ತಿಕೊಳ್ಳಿ. ಗಾಜಿನ ಪಟ್ಟಿಯ ಮೇಲೆ ಶೇಕಡಾ 0.7ರ ಆಸುಪಾಸಿನ ಉಪ್ಪಿನ ದ್ರಾವಣದ ಹನಿ ಹಾಕಿ, ಅದರಲ್ಲಿ ಕೀಟವನ್ನು ಇಟ್ಟು, ಎರಡು ಸಣ್ಣ ಸೂಜಿಗಳಿಂದ ಬಾಲದ ತುದಿಯ ಕಡೆ ಚರ್ಮವನ್ನು ಹರಿಯಿರಿ. ಬರಿಯ ನೀರು ಹಾಕಿದರೆ ಕೋಶಗಳು ಉಬ್ಬಿ ಒಡೆಯುತ್ತವೆ. ಹೊಟ್ಟೆಯಿಂದ ಮೊದಲು ಈಚೆ ಬರುವುದು ಸರಪಳಿಯಂತೆ ಜೋಡಿಸಿಕೊಂಡ ಭ್ರೂಣಗಳು, ದೊಡ್ಡವುಗಳಿಗೆ ಆಗಲೇ ಕೆಂಪು ಕಣ್ಣಿನ ಚುಕ್ಕೆ ಮೂಡಿರುತ್ತದೆ. ಅವುಗಳ ನಡುವೆ ಹರಳುಹರಳಾದ, ಮಸುಕಾದ ದುಂಡು ಕೋಶಗಳು ತೇಲುತ್ತವೆ. ಕೊಬ್ಬಿನ ಕೋಶಗಳ ಜೊತೆ ಗೊಂದಲವಾಗಬಾರದು: ಕೊಬ್ಬಿನ ಕೋಶದಲ್ಲಿ ದೊಡ್ಡದು ಚಿಕ್ಕದೆಂಬ ಭೇದವಿರುವ, ಹೊಳೆಯುವ ಹನಿಗಳಿರುತ್ತವೆ, ಬ್ಯಾಕ್ಟೀರಿಯೋಸೈಟ್‌ನಲ್ಲಿ ಎಲ್ಲ ಕಣಗಳೂ ಹೆಚ್ಚುಕಡಿಮೆ ಒಂದೇ ಗಾತ್ರದವು. ಮುಚ್ಚುಗಾಜು ಇಟ್ಟು ಮೆಲ್ಲನೆ ಒತ್ತಿದರೆ ಕೋಶ ಒಡೆದು ಸಾವಿರಾರು ದುಂಡು ಬುಕ್ನೆರಾಗಳು ದ್ರಾವಣಕ್ಕೆ ಚೆಲ್ಲುತ್ತವೆ. 400 ಪಟ್ಟು ವರ್ಧನೆಯಲ್ಲಿ ಕಾಣುತ್ತದೆ. ಒಣಗಿಸಿ ಮೆಥನಾಲಿನಲ್ಲಿ ಸ್ಥಿರಗೊಳಿಸಿ ಜೀಮ್ಸಾ ಬಣ್ಣ ಹಾಕಿ ಎಣ್ಣೆ ಮಸೂರದಲ್ಲಿ ನೋಡಿದರೆ ವಿಭಜನೆಯ ನಡುವೆ ಸಿಕ್ಕಿದ ಜೋಡಿದುಂಡುಗಳೂ ಸಿಗುತ್ತವೆ.

ಅವರೆಸಾಲು:
ತುಂಬಾ ಉಪಕಾರವಾಯಿತು. ಯಾವ ವಯಸ್ಸಿನ ಸಸ್ಯಹೇನು ಆರಿಸಿಕೊಳ್ಳಬೇಕು ಎಂಬುದು ಮುಖ್ಯವೇ?

ಕೀಟಗಣ್ಣು:
ಮುಖ್ಯ. ಆಗತಾನೇ ಮರಿ ಹಾಕತೊಡಗಿದ ಎಳೆಯ ಪ್ರೌಢ ಹೆಣ್ಣುಗಳನ್ನೇ ಆರಿಸಿಕೊಳ್ಳಿ. ವಯಸ್ಸಾದಂತೆ ಬ್ಯಾಕ್ಟೀರಿಯೋಸೈಟ್‌ಗಳ ಒಳಗೆ ಗುಳ್ಳೆಗುಳ್ಳೆಯಾದ ಖಾಲಿ ಜಾಗಗಳು ಎದ್ದು ಕೋಶಗಳು ಒಂದೊಂದಾಗಿ ನಶಿಸುತ್ತವೆ, ಬುಕ್ನೆರಾಗಳೂ ಅವುಗಳ ಜೊತೆಗೇ ಕರಗುತ್ತವೆ. ಎಳೆಯದನ್ನೂ ಮುದಿಯದನ್ನೂ ಎರಡು ಗಾಜುಪಟ್ಟಿಗಳಲ್ಲಿ ಪಕ್ಕಪಕ್ಕ ಇಟ್ಟರೆ ಆ ವ್ಯತ್ಯಾಸ ಮಕ್ಕಳ ಕಣ್ಣಿಗೂ ಬೀಳುತ್ತದೆ. ನೋಡುವಾಗ ದೊಡ್ಡ ಭ್ರೂಣಗಳ ಹೊಟ್ಟೆಯ ಕಡೆಗೂ ಮಸೂರ ತಿರುಗಿಸಿ. ಇನ್ನೂ ಹುಟ್ಟದ ಮರಿಯೊಳಗೆ ಅದರದ್ದೇ ಬ್ಯಾಕ್ಟೀರಿಯೋಸೈಟ್‌ಗಳು ಗುಂಪುಗೂಡಿರುವುದು ಚರ್ಮದ ಮೂಲಕವೇ ಕಾಣಿಸಬೇಕು.